ಯಜಮಾನರ ಸೊಂಟ ತಿರುಗಿದ್ದು

ನಮ್ಮ ಯಜಮಾನರಿಗೆ ಟೊಮ್ಯಾಟೊ ಹಿಸುಕುವ ಚಾಳಿ. ಬೀಡಿ ಇಲ್ಲ, ಇಸ್ಪೀಟಿಲ್ಲ, ಇದೊಂದೇ. ಸಂತೆಗೆ ಹೋದರೆ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಹಣ್ಣನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಒತ್ತಿ, ಕಿವಿಯ ಹತ್ತಿರ ಹಿಡಿದು, ಏನೋ ಕೇಳಿಸಿಕೊಂಡವರ ಹಾಗೆ ತಲೆಯಾಡಿಸಿ ಕೆಳಗಿಡುತ್ತಾರೆ. ಮದುವೆಯಾದ ಹೊಸದರಿಂದಲೂ ನಾನು ಪಕ್ಕದಲ್ಲಿ ನಿಂತು ಅವರ ಮಣಿಕಟ್ಟಿಗೆ ಒಂದು ಏಟು ಕೊಡುತ್ತಾ ಬಂದಿದ್ದೇನೆ. ಏಟು ಬಿದ್ದ ಮೇಲೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಆ ಏಟು ಒಂದು ದಿನವೂ ಗುರಿ ತಪ್ಪಿರಲಿಲ್ಲ.

ಅವರ ಹೆಸರು ಗಂಗಾಧರಯ್ಯ. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಅವರ ಸೀಟಿ ಕೇಳದೆ ಪಾವಗಡದ ಬಸ್ಸು ಹಿಂದಕ್ಕೆ ಬರುತ್ತಿರಲಿಲ್ಲ, ಶಿರಾದ ಬಸ್ಸು ಮುಂದಕ್ಕೆ ಹೋಗುತ್ತಿರಲಿಲ್ಲ. ಕೈ ಎತ್ತಿದರೆ ಅಷ್ಟು ದೊಡ್ಡ ಗಾಡಿ ನಿಲ್ಲುತ್ತದೆ ಅಂದಮೇಲೆ ಮನುಷ್ಯನಿಗೆ ತನ್ನ ಕೈಯ ಬಗ್ಗೆ ಒಂದು ನಂಬಿಕೆ ಬೆಳೆಯುತ್ತದೆ. ನಿವೃತ್ತಿಯಾದ ಮೇಲೂ ಸಂಜೆ ಹೊತ್ತು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಹಳೇ ಡ್ರೈವರು, ಕಂಡಕ್ಟರುಗಳ ಜೊತೆ ಕೂತು ಕಾಫಿ ಕುಡಿದು, ಯಾವ ಬಸ್ಸು ತಡವಾಗಿ ಹೊರಟಿತು ಅಂತ ಹೊಸ ಕಂಟ್ರೋಲರನ್ನು ಬೈದು ಮನೆಗೆ ಬರುತ್ತಿದ್ದರು. ಅದೇ ಅವರ ಪ್ರಾಣ. ಆ ಹೊತ್ತಿನಲ್ಲಿ ನನಗೂ ಮನೆ ಹಗುರವಾಗಿರುತ್ತಿತ್ತು.

ಹೋದ ವರ್ಷ ಟೊಮ್ಯಾಟೊ ದರ ಏರಿದ ಕಾಲದಲ್ಲಿ ಒಂದು ಸಂತೆಯ ದಿನ ನಾನು ಸೊಪ್ಪಿನವಳ ಹತ್ತಿರ ಮಾತಿಗೆ ನಿಂತುಬಿಟ್ಟೆ. ಇವರು ಒಬ್ಬರೇ ಟೊಮ್ಯಾಟೊ ರಾಶಿಯ ಮುಂದೆ ಕೂತರು. ರಾಶಿ ತಿಮ್ಮರಾಜು ಅನ್ನುವವನದು. ನಿಡುಗಲ್ ಕಡೆಯವನು, ತನ್ನ ಲಗೇಜ್ ಗಾಡಿಯಲ್ಲಿ ತಂದು ಇಲ್ಲಿ ಸುರಿದು ಮಾರುತ್ತಾನೆ. ಆಳು ಕಟ್ಟುಮಸ್ತು, ಮಾತು ಅರ್ಧ ತೆಲುಗು.

"ಸ್ವಾಮಿ, ತಗೊಳ್ಳಂಗಿದ್ರೆ ತಗೋ, ಲೇದಂಟೆ ಬುಟ್ಬುಡು. ಹಣ್ಣೆಲ್ಲಾ ಹಿಸುಕಿ ಗೊಜ್ಜು ಮಾಡಬ್ಯಾಡ" ಅಂದನಂತೆ.

"ನಾನು ಯಾರು ಗೊತ್ತೇನಯ್ಯಾ?" ಅಂತ ಇವರು ಎದ್ದು ನಿಂತರಂತೆ. ನಿಂತು ಬಸ್ಸು ನಿಲ್ಲಿಸುವ ಹಾಗೆ ಕೈ ಎತ್ತಿದರಂತೆ.

"ಎವರೈತೇ ನಾಕೇಮಿ, ಯಾರಾದ್ರೆ ನಂಗೇನು" ಅಂತ ಅವನು ಇವರ ಭುಜಕ್ಕೆ ಒಂದು ತಳ್ಳು ಕೊಟ್ಟ. ಇಷ್ಟು ಹೊತ್ತಿಗೆ ನಾನು ತಿರುಗಿ ನೋಡಿದ್ದೆ. ಇವರು ನಿಧಾನವಾಗಿ ಹಿಂದಕ್ಕೆ ವಾಲಿ, ಎರಡೂ ಕೈ ಗಾಳಿಯಲ್ಲಿ ಬಿಟ್ಟು, ರಾಶಿಯ ನಟ್ಟನಡುವೆ ಕೂತರು. ಸಂತೆಗೆ ಸಂತೆಯೇ ನಕ್ಕಿತು. ಯಾರೋ ಪುಣ್ಯಾತ್ಮರು ಮೊಬೈಲು ಹಿಡಿದಿದ್ದರು. ನಾವು ಮನೆ ಸೇರುವಷ್ಟರಲ್ಲಿ ಆ ವಿಡಿಯೋ ಊರಿನ ಎಲ್ಲಾ ಗ್ರೂಪುಗಳಿಗೂ ಸೇರಿತ್ತು, ಹಿನ್ನೆಲೆಗೆ ಬ್ಯಾಂಡ್‌ಸೆಟ್ಟಿನ ಸದ್ದನ್ನೂ ಜೋಡಿಸಿದ್ದರು. ಅದನ್ನು ಮಾಡಿದವರ ಕೈಗೆ ಕಜ್ಜಿಯಾಗಲಿ.

ಮಾರನೇ ಸಂಜೆ ಇವರು ಧೈರ್ಯ ಮಾಡಿ ಬೆಂಚಿಗೆ ಹೋದರು. ಹಳೇ ಡ್ರೈವರೊಬ್ಬ "ಬನ್ನಿ ಬನ್ನಿ, ಟೊಮ್ಯಾಟೊ ಸಾಹೇಬ್ರು" ಅಂದನಂತೆ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದರು. ಅವತ್ತಿನಿಂದ ಬೆಂಚಿಗೂ ಇಲ್ಲ, ಸಂತೆಗೂ ಇಲ್ಲ.

ನೀವು ಕಂಟ್ರೋಲರ್ ಒಬ್ಬರನ್ನು ಮನೆಯಲ್ಲಿ ಇಟ್ಟುಕೊಂಡು ನೋಡಬೇಕು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. "ಉಪ್ಪಿಟ್ಟು ಇನ್ನೂ ಹೊರಟಿಲ್ಲವಾ?" "ಹಾಲು ಯಾಕೆ ಲೇಟು?" ಕುಕ್ಕರ್ ಕೂಗಿದರೆ ಗಡಿಯಾರ ನೋಡುತ್ತಿದ್ದರು. ನಾನು ಹಿತ್ತಲಿಗೆ ಹೋದರೂ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸು ಅಂತ ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಬಂದ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಆದರೆ ಸಂಜೆಯಾದರೆ ಅವರು ಬಾಚಣಿಗೆ ತೆಗೆದುಕೊಂಡು ತಲೆ ಬಾಚಿ, ಇಸ್ತ್ರಿ ಶರಟು ಹಾಕಿಕೊಂಡು, ಬಾಗಿಲ ತನಕ ಹೋಗಿ, ಚಪ್ಪಲಿ ನೋಡಿ ವಾಪಸ್ಸು ಬಂದು ಶರಟು ಬಿಚ್ಚುತ್ತಿದ್ದರು. ಯಾರ ಮುಂದೆಯೂ ತಲೆ ತಗ್ಗಿಸದ ಮನುಷ್ಯ ತನ್ನ ಮನೆಯ ಹೊಸಿಲಿಗೆ ಹೆದರಿದ್ದರು.

ಹೀಗಿರುವಾಗ ಮಂಡಿನೋವಿಗೆ ಅಂತ ಡಾಕ್ಟರು ಏನಾದರೂ ವ್ಯಾಯಾಮ ಮಾಡಿ ಅಂದರು. ಬೆಟ್ಟದ ಬುಡದ ಮೈದಾನದಲ್ಲಿ ಪ್ರಸನ್ನ ಕುಮಾರ್ ಅನ್ನುವವರು ಬೆಳಿಗ್ಗೆ ತೈ ಚಿ ಹೇಳಿಕೊಡುತ್ತಾರೆ ಅಂತ ಗೊತ್ತಾಯಿತು. ಈ ಪ್ರಸನ್ನ ಕುಮಾರ್ ಮೊಬೈಲ್ ಅಂಗಡಿ ಇಟ್ಟುಕೊಂಡಿರುವವರು. ಬೆನ್ನುನೋವು ಬಂದಾಗ ಬೆಂಗಳೂರಿನ ಯಾವುದೋ ಶಿಬಿರಕ್ಕೆ ಹೋಗಿ ಕಲಿತು, ವಾಸಿಯಾದ ಮೇಲೆ ಊರಿಗೆಲ್ಲ ಹಂಚುತ್ತಿದ್ದರು. ಚೀನಾದವರ ಹಾಗೆ ಕಾಣಲಿ ಅಂತ ಬ್ಲೌಸ್ ಲೈನಿಂಗಿನ ಕರಿ ಬಟ್ಟೆಯಲ್ಲಿ ಒಂದು ಜೊತೆ ಸಡಿಲ ಅಂಗಿ ಪೈಜಾಮ ಹೊಲಿಸಿಕೊಂಡಿದ್ದರು. ಮುಂಜಾನೆ ಕತ್ತಲಲ್ಲಿ ಯಾರಿಗೂ ಕಾಣಬಾರದು ಅಂತ ಟವೆಲು ಹೊದ್ದುಕೊಂಡು ಹೋದ ನಮ್ಮವರು, ಬಿಸಿಲೇರಿದ ಮೇಲೆ ಮುಖ ಬೆಳಗಿಸಿಕೊಂಡು ಬಂದರು.

"ಲಕ್ಷ್ಮೀದೇವಿ, ಇದು ವ್ಯಾಯಾಮ ಅಲ್ಲ ಕಣೆ. ಯುದ್ಧವಿದ್ಯೆ."

"ಮಂಡಿಗೆ ಯುದ್ಧ ಯಾಕ್ರೀ?"

"ಮೃದುವಾದ ಯುದ್ಧ. ಎದುರಿನವನ ಬಲಕ್ಕೆ ನಾವು ಎದುರು ನಿಲ್ಲಬಾರದು. ಅವನು ತಳ್ಳಿದರೆ ದಾರಿ ಬಿಡಬೇಕು, ಸೊಂಟ ತಿರುಗಿಸಬೇಕು. ಅವನ ಬಲಕ್ಕೆ ಅವನೇ ಬೀಳ್ತಾನೆ." ಹೀಗೆಂದು ನನ್ನನ್ನು ನೋಡದೆ, "ತಿಮ್ಮರಾಜು ಆದರೂ ಅಷ್ಟೇ" ಅಂದರು.

ಆಗ ನನಗೆ ಅರ್ಥವಾಯಿತು, ಮಂಡಿಯ ವಿಷಯ ಅವತ್ತಿಗೇ ಮುಗಿದಿತ್ತು.

ಆಮೇಲೆ ಮನೆಯೆಲ್ಲ ತೈ ಚಿ. ಹಾಲಿನ ಪ್ಯಾಕೆಟ್ ತರುವುದಕ್ಕೂ ಹೆಜ್ಜೆಯನ್ನು ನೆಲಕ್ಕೆ ಹಿಮ್ಮಡಿಯಿಂದ ಬೆರಳಿನವರೆಗೆ ಊರಿ ನಡೆಯುತ್ತಿದ್ದರು. ಹಾಲು ಒಡೆದು ಹೋದೀತು ಅನ್ನುವಷ್ಟು ನಿಧಾನ. ಅಂಗಳದಲ್ಲಿ ನಿಂತು ಬರಿಗೈಯಲ್ಲಿ ಕಾಣದ ಕುಂಬಳಕಾಯಿ ಹಿಡಿದ ಹಾಗೆ ಹಿಡಿದು, ಅದನ್ನು ಎಡಕ್ಕೆ ಕೊಟ್ಟು, ಬಲಕ್ಕೆ ಕೊಟ್ಟು, ಕೊನೆಗೆ ಯಾರಿಗೂ ಕೊಡದೆ ಕೆಳಗಿಡುತ್ತಿದ್ದರು.

ನನಗೆ ತಡೆಯಲಿಲ್ಲ. "ಕಳ್ಳ ಬಂದರೆ ಅವನಿಗೂ ನಿಧಾನವಾಗಿ ಹೊಡೆಯಪ್ಪ ಅನ್ನಬೇಕಾ?" ಅಂತ ಕೇಳಿದೆ.

"ಅಭ್ಯಾಸ ನಿಧಾನ. ಸಮಯ ಬಂದಾಗ ಮೈ ತಾನೇ ಬೇಗ ಮಾಡುತ್ತೆ. ಬೇಕಾದರೆ ತಳ್ಳಿ ನೋಡು."

ರೊಟ್ಟಿ ತಟ್ಟುತ್ತಿದ್ದ ನಾನು ಹಿಟ್ಟಿನ ಕೈಯಲ್ಲೇ ಎದ್ದು ಬಂದು ಎದೆಗೆ ಒಂದು ತಳ್ಳು ಕೊಟ್ಟೆ. ಅವರು ಹೋಗಿ ರಾಗಿ ಮೂಟೆಯ ಮೇಲೆ ಬಿದ್ದರು. ಶರಟಿನ ಮೇಲೆ ನನ್ನ ಎರಡು ಹಸ್ತದ ಗುರುತು ಬೆಳ್ಳಗೆ ಮೂಡಿತ್ತು.

"ನಾನಿನ್ನೂ ಉಸಿರು ಎಳಕೊಂಡಿರಲಿಲ್ಲ" ಅಂದರು ಬಿದ್ದಲ್ಲಿಂದಲೇ.

"ತಿಮ್ಮರಾಜು ನೋಟಿಸ್ ಕೊಟ್ಟು ತಳ್ತಾನಾ?"

ಅವರು ಎದ್ದು ಶರಟು ಕೊಡವಿಕೊಂಡರು. ಅಂಗಳಕ್ಕೆ ಹೋಗಿ ಮತ್ತೆ ಕುಂಬಳಕಾಯಿ ಹಿಡಿದರು.

ಒಂದು ದಿನ ನಾನೇ ಮೈದಾನಕ್ಕೆ ಹೋಗಿ ಪ್ರಸನ್ನ ಕುಮಾರ್ ಅವರನ್ನು ಕೇಳಿಬಿಟ್ಟೆ. "ನಿಜ ಹೇಳಿ ಸಾರ್, ಇದರಿಂದ ಯಾರನ್ನಾದರೂ ತಡೆಯಬಹುದಾ?"

ಅವರು ಕರಿ ತೋಳಿನಿಂದ ಬೆವರು ಒರೆಸಿಕೊಂಡರು. "ತಡೆಯಬಹುದು ಅಮ್ಮ. ವರ್ಷಗಟ್ಟಲೆ ಮಾಡಬೇಕು."

"ಅಷ್ಟು ಹೊತ್ತಿಗೆ ತಳ್ಳುವವನೂ ಮುದುಕ ಆಗಿರ್ತಾನಲ್ಲ."

"ಅದೂ ಒಂಥರಾ ರಕ್ಷಣೆಯೇ ಅಲ್ಲವಾ" ಅಂದು ನಕ್ಕರು. ಆಮೇಲೆ ಧ್ವನಿ ತಗ್ಗಿಸಿ, "ನಾನಂತೂ ಇದುವರೆಗೆ ಯಾರ ಜೊತೆಯೂ ಹೊಡೆದಾಡಿಲ್ಲ ಅಮ್ಮ. ಹಂಗಾಗಿ ಸೋತೂ ಇಲ್ಲ" ಅಂದರು. ಪಾಪ, ಒಳ್ಳೇ ಮನುಷ್ಯ. ಬಯ್ಯಲು ಮನಸ್ಸಾಗಲಿಲ್ಲ.

ಕತೆ ಕೆಟ್ಟಿದ್ದು ಪಕ್ಕದ ಮನೆಯ ಸಿದ್ದಗಂಗಮ್ಮನಿಂದ. ಅವಳದೂ ನಮ್ಮದೂ ಅಂಗಳ ಒಂದೇ, ನಡುವೆ ಮೊಣಕಾಲೆತ್ತರದ ಗೋಡೆ. ಆವತ್ತು ಶುಕ್ರವಾರ. ನಮ್ಮವರು ಬೆಳಿಗ್ಗೆ ಬೇಗ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಅಂಗಳದ ತುಳಸಿಯ ಮುಂದೆ ನಿಂತು ಅಭ್ಯಾಸ ಶುರುಮಾಡಿದ್ದರು. ಕಣ್ಣು ಅರ್ಧ ಮುಚ್ಚಿತ್ತು, ಉಸಿರು ಸುಯ್ ಅಂತ ಕೇಳುತ್ತಿತ್ತು, ಮೈ ಗಾಳಿಗೆ ಸಿಕ್ಕ ಹಾಗೆ ಮೆಲ್ಲಗೆ ತೂಗುತ್ತಿತ್ತು. ಸಿದ್ದಗಂಗಮ್ಮ ಗುಡಿಸಲು ಬಂದವಳು ಪೊರಕೆ ಕೈಬಿಟ್ಟು ನಿಂತಳು.

ನಮ್ಮ ಕಡೆ ಮೈಮೇಲೆ ದೇವರು ಬರುವುದು ಯಾರಿಗೂ ಹೊಸದಲ್ಲ. ಬಂದಾಗ ಏನು ಮಾಡಬೇಕು ಅನ್ನುವುದು ಚಿಕ್ಕ ಮಕ್ಕಳಿಗೂ ಗೊತ್ತು. ಕೈ ಮುಗಿದು, ನಿಂಬೆಹಣ್ಣು ಹಿಡಿದು, ಮನಸ್ಸಿನಲ್ಲಿದ್ದುದನ್ನು ಕೇಳಬೇಕು, ತಡ ಮಾಡಿದರೆ ದೇವರು ಮೈ ಬಿಟ್ಟು ಮಲೆ ಏರಿಬಿಡುತ್ತದೆ. ಸಿದ್ದಗಂಗಮ್ಮ ಓಡಿಹೋಗಿ ನಿಂಬೆಹಣ್ಣು ತಂದಳು.

"ಅವ್ವಾ, ತಾಯಿ, ನನ್ ಮೂಗುಬೊಟ್ಟು ಕಳ್ದೋಗೈತೆ. ನಮ್ಮತ್ತೆ ಕೊಟ್ಟಿದ್ದು. ಎಲ್ಲೈತೆ ತೋರ್ಸವ್ವ."

ಇವರಿಗೆ ಕೇಳಿಸಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡ ಇಯರ್ ಫೋನಿನಲ್ಲಿ ಪ್ರಸನ್ನ ಕುಮಾರ್ ಧ್ವನಿ ಮುದ್ರಿಸಿಕೊಟ್ಟಿದ್ದ ಲೆಕ್ಕ ಓಡುತ್ತಿತ್ತು. ಆ ಲೆಕ್ಕದ ಪ್ರಕಾರ ಅವರ ಬಲಗೈ ಮೆಲ್ಲಗೆ ಮೇಲೆದ್ದು, ಅವಳ ಮನೆಯ ಬಟ್ಟೆ ಒಗೆಯುವ ಕಲ್ಲಿನ ಕಡೆ ಚಾಚಿ, ಅಲ್ಲೇ ನಿಂತಿತು. ಸಿದ್ದಗಂಗಮ್ಮ ಕಲ್ಲಿನ ಬುಡಕ್ಕೆ ಹೋಗಿ ಮಣ್ಣು ಕೆದಕಿದಳು. ಮೂಗುಬೊಟ್ಟು ಅಲ್ಲಿತ್ತು. ಅವಳು ದಿನಾ ಮುಖ ತೊಳೆಯುವುದೇ ಅಲ್ಲಿ, ಬೇರೆಲ್ಲಿ ಬಿದ್ದೀತು. ಇದನ್ನು ನಾನು ಆಗಲೇ ಹೇಳಿದೆ. ಕೇಳುವವರು ಯಾರು?

ಮರುದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಜನ. ಅದರ ಮರುದಿನ ಇನ್ನೂ ಜನ. ಹೆಂಗಸರಿಗೆ ಬಸ್ಸು ಬಿಟ್ಟಿ ಆದಮೇಲೆ ದೂರ ಅನ್ನುವುದೇ ಇಲ್ಲ ನೋಡಿ. ಶಿರಾ ತಾಲ್ಲೂಕಿನ ತಾವರೆಕೆರೆಯಿಂದ ಜುಂಜಮ್ಮ ಅನ್ನುವ ಕುರಿಯವಳು, ಮೇವು ಮುಟ್ಟದ ತನ್ನ ಟಗರಿನ ವಿಷಯ ಕೇಳಲು ಬಂದು ತುಳಸಿಯ ಪಕ್ಕ ಕೂತಳು. ಬಂದದ್ದು ಮಾರಮ್ಮ ಅಂತ ಸಿದ್ದಗಂಗಮ್ಮ, ಅಲ್ಲ ಇಷ್ಟು ತಣ್ಣಗಿನ ನಡೆ ದನಕುರಿ ಕಾಯುವ ದೇವರು ಜುಂಜಪ್ಪಂದೇ ಅಂತ ಜುಂಜಮ್ಮ. ಇಬ್ಬರಿಗೂ ಜಗಳವೇ ಹತ್ತಿಕೊಂಡಿತು.

ನಮ್ಮವರು ಅಭ್ಯಾಸ ನಿಲ್ಲಿಸಿ ಅಂಗಳದ ನಡುವೆ ನಿಂತು ಬಸ್ ಸ್ಟ್ಯಾಂಡಿನ ಧ್ವನಿಯಲ್ಲಿ ಹೇಳಿದರು. "ಕೇಳ್ರಮ್ಮಾ, ಇದು ದೇವರಲ್ಲ. ಚೀನಾ ದೇಶದ ವಿದ್ಯೆ. ನನ್ನ ಮೈಮೇಲೆ ಯಾರೂ ಬಂದಿಲ್ಲ."

ಸಿದ್ದಗಂಗಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು. "ಯಾವ್ ದೇವ್ರು ತಾನೇ ಮೊದ್ಲು ಒಪ್ಕಂಡೈತೆ ಲಕ್ಷ್ಮಕ್ಕ? ನಮ್ ದೊಡ್ಡಪ್ಪನ ಮೇಲೆ ಬಂದಾಗ್ಲೂ ಹಿಂಗೇ, ಮೂರ್ ತಿಂಗ್ಳು ಇಲ್ಲ ಇಲ್ಲ ಅಂತಿತ್ತು."

ಜನ ತಂದ ತೆಂಗಿನಕಾಯಿ ಬೇಡ ಅಂದರೆ ಗೋಡೆಯ ಮೇಲೆ ಇಟ್ಟು ಹೋಗುತ್ತಿದ್ದರು. ಕೆಡಿಸುವುದು ಯಾಕೆ ಅಂತ ನಾನು ಕೊಬ್ಬರಿ ಮಿಠಾಯಿ ಮಾಡಿ ಬಂದವರಿಗೇ ಹಂಚಿದೆ. ಅದೂ ತಪ್ಪಾಯಿತು, ಪ್ರಸಾದ ಅಂತ ಕಣ್ಣಿಗೊತ್ತಿಕೊಂಡು ತಿಂದರು.

ಹೊರಗಿನವರಿಗೆ ಇದು ತಮಾಷೆ. ಇವರ ಮುಖ ಮಾತ್ರ ದಿನದಿನಕ್ಕೆ ಸಣ್ಣಗಾಗುತ್ತಿತ್ತು. ಬೀದಿಯಲ್ಲಿ ಜನ ದಾರಿ ಬಿಟ್ಟು ಕೈ ಮುಗಿಯುತ್ತಿದ್ದರು, ಟೊಮ್ಯಾಟೊ ಅನ್ನುವ ಮಾತು ನಿಂತೇಹೋಗಿತ್ತು, ಆದರೂ ಬೆಂಚಿಗೆ ಹೋಗಲಿಲ್ಲ. "ಅವರು ಮರ್ಯಾದೆ ಕೊಡೋದು ನನಗಲ್ಲ" ಅಂದರು ಒಂದು ಸಂಜೆ, ಶರಟಿನ ಗುಂಡಿ ಬಿಚ್ಚುತ್ತಾ. "ಬಿದ್ದವನು ನಾನು. ನಾನೇ ಒಂದು ಸಲ ನಿಂತು ತೋರಿಸಬೇಕು. ಈ ಸಂತೆಗೆ ಹೋಗ್ತೀನಿ."

"ಅವನು ಮತ್ತೆ ತಳ್ಳಿದರೆ?"

"ತಳ್ಳಬೇಕು ಅಂತಲೇ ಹೋಗ್ತಿರೋದು."

ನನಗೆ ರಾತ್ರಿಯೆಲ್ಲ ರಾಗಿ ಮೂಟೆಯ ಮೇಲೆ ಬಿದ್ದವರೇ ಕಣ್ಣ ಮುಂದೆ ಬಂದರು. ಇನ್ನೊಂದು ಸಲ ಬಿದ್ದರೆ ಈ ಮನುಷ್ಯ ಮತ್ತೆ ಎದ್ದು ಓಡಾಡುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ದೇವರ ಮನೆಯಲ್ಲಿ ನಿಂತು, ತಾಯಿ, ನಿಜವಾಗಿ ಬರುವುದಿದ್ದರೆ ಸಂತೆಯ ದಿನ ಒಂದು ಗಳಿಗೆ ಬಂದು ಹೋಗು ಅಂತ ಬೇಡಿಕೊಂಡೆ. ಇವರಿಗೆ ಹೇಳಲಿಲ್ಲ.

ಸಂತೆಗೆ ಹೊರಟಾಗ ಚೀಲ ಅವರ ಕೈಯಲ್ಲಿ, ಅವರ ಹಿಂದೆ ನಾನು, ನನ್ನ ಹಿಂದೆ ಕರೆಯದೇ ಬಂದ ಸಿದ್ದಗಂಗಮ್ಮ. ತಿಮ್ಮರಾಜು ದೂರದಿಂದಲೇ ನೋಡಿದ. ನೋಡಿದವನು ತಕ್ಕಡಿ ಕೆಳಗಿಟ್ಟು, ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಸರಿಸಿ, ಬರಿಗಾಲಲ್ಲಿ ರಾಶಿಯ ಮುಂದೆ ಬಂದು ಕೈ ಮುಗಿದು ನಿಂತ. ಸುದ್ದಿ ನಿಡುಗಲ್ ತನಕ ಹೋಗಿತ್ತು.

"ತಪ್ಪಾಯ್ತು ಸ್ವಾಮಿ. ಆವತ್ತು ತೆಲೀಲಿಲ್ಲ ನಂಗೆ. ಆವತ್ನಿಂದ ಗಾಡಿ ಮೂರ್ ಸಲ ಪಂಚರ್ ಆಗೈತೆ. ಹಣ್ಣು ಎಷ್ಟ್ ಬೇಕೋ ತಗೊಂಡ್ ಪೋ, ದುಡ್ಡು ವದ್ದು, ಬ್ಯಾಡ."

ನಮ್ಮವರು ಚೀಲ ನನ್ನ ಕೈಗೆ ಕೊಟ್ಟರು. ಕಾಲು ಅಗಲಿಸಿ, ಮಂಡಿ ಸ್ವಲ್ಪ ಬಾಗಿಸಿ, ಎರಡು ಕೈಗಳನ್ನು ಎದೆಯ ಮುಂದೆ ಮೆಲ್ಲಗೆ ಎತ್ತಿದರು. "ತಳ್ಳು" ಅಂದರು.

"ಏಮಿ ಸ್ವಾಮಿ?"

"ನನ್ನ ತಳ್ಳು. ಆವತ್ತು ತಳ್ಳಿದ ಹಾಗೆ."

ತಿಮ್ಮರಾಜು ಎರಡು ಹೆಜ್ಜೆ ಹಿಂದಕ್ಕೆ ಹೋದ. ಸೊಪ್ಪಿನವಳು, ಮೆಣಸಿನಕಾಯಿಯವನು, ಕೊಳ್ಳಲು ಬಂದವರು, ಎಲ್ಲರೂ ಸುತ್ತ ಕೂಡಿದರು. ಮೊಬೈಲುಗಳೂ ಮೇಲೆದ್ದವು. ಅಷ್ಟರಲ್ಲಿ ನನ್ನ ಹಿಂದಿನಿಂದ ಸಿದ್ದಗಂಗಮ್ಮ ಕೂಗಿದಳು. "ಅಪ್ಪಣೆ ಆಗ್ತೈತೆ ಕಣ್ಲಾ. ಅಮ್ಮ ಕೇಳ್ತಾವ್ಳೆ, ತಳ್ಳೋ."

ಅಪ್ಪಣೆ ಅಂದಮೇಲೆ ಮೀರುವ ಹಾಗಿಲ್ಲ. ಅವನು ಕಣ್ಣು ಮುಚ್ಚಿಕೊಂಡು, ಕಾದ ಹೆಂಚು ಮುಟ್ಟುವವನ ಹಾಗೆ ಒಂದು ಬೆರಳಿನಲ್ಲಿ ಇವರ ಭುಜ ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡ.

"ಇದು ತಳ್ಳೋದಾ?" ಅಂದರು ನಮ್ಮವರು. ಅವನ ಕಾಲು ಹಿಡಿಯುವುದೊಂದು ಬಾಕಿ. "ಲೇ, ಗಂಡಸಾಗಿ ತಳ್ಳೋ. ಒಂದೇ ಒಂದು ಸಲ."

ಅವನು ಕೈ ಮುಗಿದುಕೊಂಡೇ ನಿಂತ. ನಮ್ಮವರು ಅವನನ್ನು ನೋಡಿದರು, ರಾಶಿಯನ್ನು ನೋಡಿದರು. ಆಮೇಲೆ ಬಗ್ಗಿ ಒಂದು ಟೊಮ್ಯಾಟೊ ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದರು. ಅದನ್ನಿಟ್ಟು ಇನ್ನೊಂದನ್ನು ಒತ್ತಿದರು. ಮೂರನೆಯದು ಪಚಕ್ ಅಂತ ಒಡೆಯಿತು, ಅದನ್ನು ಕೆಳಗೆ ಬಿಟ್ಟು ನಾಲ್ಕನೆಯದಕ್ಕೆ ಕೈ ಹಾಕಿದರು. ತಿಮ್ಮರಾಜುವಿನ ಮುಖದಲ್ಲಿ ಭಕ್ತಿಗೂ ವ್ಯಾಪಾರಕ್ಕೂ ಜಗಳ ನಡೆಯುತ್ತಿರುವುದು ನನಗೆ ಚೆನ್ನಾಗಿ ಕಾಣಿಸಿತು. ಆ ವಾರವೂ ದರ ಮೇಲಿತ್ತು. ನಾಲ್ಕನೆಯದೂ ಒಡೆಯಿತು.

"ವದ್ದಂಟೇ ಕೇಳಲ್ವಾ" ಅಂತ ಅವನು ನುಗ್ಗಿ ಬಂದು ಎರಡೂ ಕೈಯಲ್ಲಿ ತಳ್ಳಿದ. ಇದು ಅಸಲಿ ತಳ್ಳು, ಆವತ್ತಿನದಕ್ಕಿಂತ ಜೋರು.

ಮುಂದೆ ಆದದ್ದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಇವರ ಸೊಂಟ ಎಡಕ್ಕೆ ಹೊರಳಿತು, ಭುಜ ಹಿಂದೆ ಸರಿಯಿತು, ತಿಮ್ಮರಾಜು ಇವರ ಪಕ್ಕದಿಂದ ಹಾದು ತನ್ನದೇ ರಾಶಿಯ ಮೇಲೆ ಬೋರಲು ಬಿದ್ದ. ನಮ್ಮವರು ನಿಂತೇ ಇದ್ದರು. ಮಂಡಿ ಬಾಗಿಸಿ, ಕೈ ಎತ್ತಿ, ಬಾಯಿ ತೆರೆದುಕೊಂಡು ನಿಂತಿದ್ದರು.

ಆಮೇಲೆ ಯಾರೋ ಕರ್ಪೂರ ಹಚ್ಚಿದರು. ಹೂವಿನವಳು ಬುಟ್ಟಿಯಿಂದ ಮಾರುದ್ದ ಸೇವಂತಿಗೆ ಕಿತ್ತು ಇವರ ಕೊರಳಿಗೆ ಹಾಕಿದಳು. ತಿಮ್ಮರಾಜು ಹಣ್ಣಿನ ನಡುವೆ ಎದ್ದು ಕೂತು, ಗಡ್ಡದಿಂದ ರಸ ಸುರಿಯುತ್ತಿರುವಾಗಲೇ ಕೈ ಮುಗಿದ. "ಚೂಸಿತಿರಾ, ನಾನು ಮುಟ್ನೇ ಇಲ್ಲ, ಅಮ್ಮನೇ ಎತ್ತಿ ಒಗೆದ್ಲು" ಅಂತ ಸುತ್ತಲಿನವರಿಗೆ ಹೇಳುತ್ತಿದ್ದ.

"ಸೊಂಟ ಕಣ್ರಪ್ಪಾ" ಅಂದರು ನಮ್ಮವರು. "ನಾನು ಸೊಂಟ ತಿರುಗಿಸಿದ್ದು. ಅವನ ಬಲ ಅವನನ್ನೇ ಬೀಳಿಸ್ತು. ಇದಕ್ಕೆ ತೈ ಚಿ ಅಂತಾರೆ."

"ಹೂಂ ತಾಯಿ" ಅಂದರು ಜನ, ಕೆನ್ನೆ ಕೆನ್ನೆ ತಟ್ಟಿಕೊಳ್ಳುತ್ತಾ.

"ತಾಯಿ ಅಲ್ಲ, ನಾನು ಗಂಗಾಧರಯ್ಯ."

ಸಿದ್ದಗಂಗಮ್ಮ ಅವರ ಪಾದಕ್ಕೆ ನೀರು ಹಾಕಿದಳು. ಅವರು ಹಾರ ಹಾಕಿಸಿಕೊಂಡು ನಿಂತಿದ್ದನ್ನು ನೋಡಿದರೆ, ಆವತ್ತು ರಾಶಿಯಲ್ಲಿ ಕೂತಾಗಲೂ ಇಷ್ಟು ಬಡಪಾಯಿಯಾಗಿ ಕಾಣಿಸಿರಲಿಲ್ಲ ಅನಿಸಿತು. ಗೆದ್ದದ್ದನ್ನೂ ಜನ ಕಿತ್ತುಕೊಂಡಿದ್ದರು. ನನಗೆ ಇಡೀ ಸಂತೆಯ ಮೇಲೆ ಸಿಟ್ಟು ಬಂತು. ಅವರ ಕೈ ಹಿಡಿದು ಎಳೆದುಕೊಂಡು ಹೊರಟೆ.

ಮನೆಯ ತಿರುವು ಬಂದಾಗ ಅವರು ಹಾರ ತೆಗೆದು ಒಂದು ಹಸುವಿಗೆ ಕೊಟ್ಟು, ಅದು ತಿನ್ನುವುದನ್ನೇ ನೋಡುತ್ತಾ ಕೇಳಿದರು. "ನೀನಾದ್ರೂ ನೋಡಿದ್ಯಾ?"

ನಾನು ನೋಡಿದ್ದೆ. ಎಲ್ಲರಿಗಿಂತ ಹತ್ತಿರ ನಿಂತಿದ್ದವಳು ನಾನು. ಇವರ ಸೊಂಟ ಹೊರಳಿದ್ದನ್ನೂ ನೋಡಿದ್ದೆ, ಅದಕ್ಕಿಂತ ಮುಂಚೆ ತಿಮ್ಮರಾಜುವಿನ ಬರಿಗಾಲು ಇವರೇ ಹಿಸುಕಿ ಬಿಟ್ಟಿದ್ದ ಟೊಮ್ಯಾಟೊ ಮೇಲೆ ಬಿದ್ದು ಸರ್ರನೆ ಜಾರಿದ್ದನ್ನೂ ನೋಡಿದ್ದೆ. ಅಷ್ಟು ಜಾರಿದವನು ಎದುರಿಗೆ ಗಂಗಾಧರಯ್ಯ ಇದ್ದರೂ ಬೀಳುತ್ತಿದ್ದ, ವಿದ್ಯುತ್ ಕಂಬ ಇದ್ದರೂ ಬೀಳುತ್ತಿದ್ದ. ಚಪ್ಪಲಿ ಹಾಕಿಕೊಂಡಿದ್ದರೆ ಕತೆ ಬೇರೆಯೇ ಆಗುತ್ತಿತ್ತು. ನನ್ನ ಬಾಯಿಗೆ ಬೀಗ ಇಲ್ಲ, ಇದು ಇಡೀ ಬೀದಿಗೆ ಗೊತ್ತು. ಆದರೆ ಅವರು ಹಸುವಿನ ಕಡೆ ತಿರುಗಿ, ನನ್ನ ಮುಖ ನೋಡಲು ಹೆದರಿ ಕಾಯುತ್ತಿದ್ದರು.

"ನೋಡಿದೆ" ಅಂದೆ. "ಸೊಂಟ ಹೆಂಗೆ ತಿರುಗ್ತು ಅಂದ್ರೆ, ಪಾವಗಡದ ಬಸ್ಸನ್ನ ರಿವರ್ಸ್ ತಗೊಳ್ಳಿಸಿ ಪ್ಲಾಟ್‌ಫಾರಂಗೆ ಹಚ್ಚಿಸ್ತಿದ್ರಲ್ಲ, ಹಂಗೆ. ದೇವರು ಎಲ್ಲಿಂದ ಬರ್ತಾನೆ. ನೀವೇ ಮಾಡಿದ್ದು."

"ಪೂರ್ತಿ ತಿರುಗ್ತಾ?"

"ಪೂರ್ತಿ."

ಅವರು ಮನೆಗೆ ಬಂದು ಕೈಕಾಲು ತೊಳೆದು, ತಲೆ ಬಾಚಿ, ಇಸ್ತ್ರಿ ಶರಟು ಹಾಕಿಕೊಂಡು, ಬಾಗಿಲ ತನಕ ಹೋದರು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತು ಕೇಳಿಸಿಕೊಳ್ಳುತ್ತಿದ್ದೆ. ಚಪ್ಪಲಿಯ ಸದ್ದು ಅಂಗಳ ದಾಟಿ, ಬೀದಿಗಿಳಿದು, ಬಸ್ ಸ್ಟ್ಯಾಂಡಿನ ಕಡೆ ಹೋಯಿತು. ನನಗೆ ಅಳು ಬಂತು, ಈರುಳ್ಳಿ ಹೆಚ್ಚುತ್ತಿರಲೂ ಇಲ್ಲ.

ಬೆಂಚಿನವರು ಅವರಿಗೆ ಕಾಫಿ ಕೊಡಿಸಿ, ಭಯಭಕ್ತಿಯಿಂದ ಅಂತರ ಬಿಟ್ಟು ಕೂತರಂತೆ. ನಮ್ಮವರು ತೈ ಚಿಯ ತತ್ವ ವಿವರಿಸಿದರಂತೆ. ಈಗಲೂ ವಿವರಿಸುತ್ತಲೇ ಇದ್ದಾರೆ, ಬೆಂಚಿನವರು ಈಗಲೂ ನಂಬಿಲ್ಲ. ಆದರೆ ಆ ಹಳೇ ಡ್ರೈವರಿಗೂ ಇವರಿಗೂ ಮತ್ತೆ ಜಗಳ ಶುರುವಾಗಿದೆ, ಅದು ಒಳ್ಳೇ ಲಕ್ಷಣ. ಅಂಗಳದ ಜನ ಕ್ರಮೇಣ ಕಡಿಮೆಯಾದರು, ಕೇಳಿದ್ದಕ್ಕೆಲ್ಲ ದೇವರು ಒಗೆಯುವ ಕಲ್ಲನ್ನೇ ತೋರಿಸಿದರೆ ಎಷ್ಟು ದಿನ ಬಂದಾರು. ಪ್ರಸನ್ನ ಕುಮಾರ್ ಮಾತ್ರ ತಮ್ಮ ವಿದ್ಯೆ ಕೆಲಸ ಮಾಡಿತು ಅಂತ ಕೇಳಿ, ನನಗಿಂತ ಹೆಚ್ಚು ಆಶ್ಚರ್ಯಪಟ್ಟರು.

ಹೋದ ಸಂತೆಯ ದಿನ ಇಬ್ಬರೂ ಹೋಗಿದ್ದೆವು. ತಿಮ್ಮರಾಜು ಈಗ ನಮಗೆ ಅಂತ ಒಳ್ಳೇ ಹಣ್ಣು ಬೇರೆ ತೆಗೆದಿಟ್ಟಿರುತ್ತಾನೆ. ನಮ್ಮವರಿಗೆ ತೆಗೆದಿಟ್ಟದ್ದು ರುಚಿಸುವುದಿಲ್ಲ. ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಮಳೆ ಬಂತೇನಯ್ಯಾ ನಿಮ್ಮ ಕಡೆ" ಅಂತ ಅವನನ್ನು ಕೇಳುತ್ತಾ, ಒಂದು ಹಣ್ಣು ಎತ್ತಿಕೊಂಡು ಹೆಬ್ಬೆರಳು ಮೇಲೆ ಮಾಡಿದರು. ನಾನು ಅಭ್ಯಾಸದಂತೆ ಮಣಿಕಟ್ಟಿಗೆ ಒಂದು ಏಟು ಹಾಕಿದೆ.

ಏಟು ಬೀಳಲಿಲ್ಲ. ಅವರ ಮಣಿಕಟ್ಟು ಅಲ್ಲೇ ಇದ್ದದ್ದು ನೀರಿನ ಹಾಗೆ ಸಡಿಲವಾಗಿ ಪಕ್ಕಕ್ಕೆ ಸರಿಯಿತು, ನನ್ನ ಕೈ ಬರಿಗಾಳಿಗೆ ಹೋಯಿತು, ಕೈಯ ಹಿಂದೆ ನಾನೂ ರಾಶಿಯ ಮೇಲೆ ಮುಗ್ಗರಿಸಿದೆ. ಬೀಳುವಷ್ಟರಲ್ಲಿ ಅದೇ ಕೈ ತಿರುಗಿ ಬಂದು ನನ್ನ ಮೊಣಕೈ ಹಿಡಿದು ನಿಲ್ಲಿಸಿತು. ಇಷ್ಟೆಲ್ಲ ಆದರೂ ಅವರು ನನ್ನ ಕಡೆ ತಿರುಗಿರಲಿಲ್ಲ. ನಿಡುಗಲ್ ಕಡೆಯ ಮಳೆಯ ವಿಷಯವನ್ನೇ ಕೇಳುತ್ತಿದ್ದರು.

ನಾನು ಕೆಳಗೆ ನೋಡಿದೆ. ನನ್ನ ಕಾಲಲ್ಲಿ ಚಪ್ಪಲಿ ಇತ್ತು, ನೆಲದ ಮೇಲೆ ಒಂದು ಒಡೆದ ಹಣ್ಣೂ ಇರಲಿಲ್ಲ.

"ಏನಾಯ್ತೇ?" ಅಂದರು.

"ಏನಿಲ್ಲ, ಎಡವಿದೆ" ಅಂದೆ. ಅವರು ಆ ಟೊಮ್ಯಾಟೊವನ್ನು ಕಿವಿಯ ಹತ್ತಿರ ಹಿಡಿದು, ಒತ್ತಿ, ತಲೆಯಾಡಿಸಿ ಕೆಳಗಿಟ್ಟರು. ಮೊದಲ ಸಲ ನಾನು ಸುಮ್ಮನೆ ಬಿಟ್ಟೆ.